ಪ್ರಾಣವಾಯು: ಮೂಗಿನಿಂದ ನೆತ್ತರಿನವರೆಗೆ

‘ಅನ್’ ಎಂದರೆ ಉಸಿರಾಡು. ಈ ಸಂಸ್ಕೃತ ಧಾತುವಿಗೆ ‘ಪ್ರ’ ಸೇರಿ ‘ಪ್ರಾಣ’ವಾಯಿತು, ಪ್ರಾಣವುಳ್ಳದ್ದು ‘ಪ್ರಾಣಿ’. ಕನ್ನಡದಲ್ಲಿ ಈ ಪದ ಆಳವಾಗಿ ಬೇರುಬಿಟ್ಟಿದೆ. ಅಕ್ಕರೆಯವರು ನಮಗೆ ಪಂಚಪ್ರಾಣ, ಕಾಡುವವರು ಪ್ರಾಣ ಹಿಂಡುತ್ತಾರೆ, ಹನುಮಂತ ಮುಖ್ಯಪ್ರಾಣ. ಕಕಾರಕ್ಕೆ ಉಸಿರು ಹೆಚ್ಚಿಸಿದರೆ ‘ಖ’ ಎಂಬ ಮಹಾಪ್ರಾಣ. ಎಲ್ಲದರ ತಳದಲ್ಲೂ ಉಸಿರೇ ಇದೆ.

ಈ ಪದಕ್ಕೂ ಕುದುರೆಗೂ ಹಳೆಯ ನಂಟು. ಬೃಹದಾರಣ್ಯಕ ಉಪನಿಷತ್ತು ಅಶ್ವಮೇಧದ ಕುದುರೆಯಲ್ಲಿ ಇಡೀ ವಿಶ್ವವನ್ನು ಕಾಣುತ್ತಾ ಆರಂಭವಾಗುತ್ತದೆ. ಆ ಕುದುರೆಯ ಪ್ರಾಣವೇ ಗಾಳಿ ಎನ್ನುತ್ತದೆ. ಆಯುರ್ವೇದದಲ್ಲಿ ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದು ವಾಯುಗಳಲ್ಲಿ ಪ್ರಾಣ ಮೊದಲನೆಯದು. ಶಾರ್ಙ್ಗಧರ ಸಂಹಿತೆಯ ಪ್ರಕಾರ ಪ್ರಾಣವಾಯು ಕಂಠದಿಂದ ಹೊರಹೋಗಿ, ಆಕಾಶದ ಅಮೃತವನ್ನು ಕುಡಿದು, ಮರಳಿ ಬಂದು ದೇಹವನ್ನೆಲ್ಲ ಪೋಷಿಸುತ್ತದೆ. ಅಲ್ಲಿ ಪ್ರಾಣವಾಯು ಎಂಬುದು ಅಮೃತವಲ್ಲ, ಅದನ್ನು ಕುಡಿದು ತರುವ ಶಕ್ತಿ.

ಯುರೋಪಿನಲ್ಲಿ 1774ರಲ್ಲಿ ರಸಾಯನಶಾಸ್ತ್ರಜ್ಞ ಪ್ರೀಸ್ಟ್ಲಿ ಬೇರ್ಪಡಿಸಿದ ಅನಿಲಕ್ಕೆ ಲಾವಾಸಿಯೇ ‘ಆಮ್ಲವನ್ನು ಹುಟ್ಟಿಸುವುದು’ ಎಂಬರ್ಥದ ‘ಆಕ್ಸಿಜನ್’ ಎಂಬ ಹೆಸರಿಟ್ಟ. ಆಮ್ಲಗಳಿಗೆಲ್ಲ ಅದೇ ಮೂಲವೆಂಬ ಅವನ ಎಣಿಕೆಯನ್ನು ಮುಂದೆ ಹಂಫ್ರಿ ಡೇವಿ ಅಲ್ಲಗಳೆದ. ಹೆಸರು ಮಾತ್ರ ಉಳಿದು, ನಮ್ಮ ಪಠ್ಯಗಳಿಗೆ ‘ಆಮ್ಲಜನಕ’ವಾಗಿ ಬಂತು. ಜನರ ಮಾತು ಹಳೆಯ ‘ಪ್ರಾಣವಾಯು’ವನ್ನೇ ಆ ಅನಿಲಕ್ಕೆ ಕೊಟ್ಟಿತು. ಅಮೃತವನ್ನು ತರುವುದರ ಹೆಸರು ಅಮೃತಕ್ಕೇ ಬಂದು ಕೂತಿತು.

ಈ ಪಲ್ಲಟದಲ್ಲಿ ಒಂದು ಸೂಕ್ಷ್ಮ ಮರೆಯಾಯಿತು: ಅಮೃತ ಇದ್ದರಷ್ಟೇ ಸಾಲದು, ಅದು ಮೈಗೆ ತಲುಪಬೇಕು. ಅದು ಕಣ್ಣಿಗೆ ಕಟ್ಟುವಂತೆ ಕಾಣುವುದು ಕುದುರೆಯ ಶಸ್ತ್ರಚಿಕಿತ್ಸೆಯಲ್ಲಿ. ಅರಿವಳಿಕೆ ಕೊಟ್ಟು ಐನೂರು ಕಿಲೋ ತೂಕದ ಕುದುರೆಯನ್ನು ಬೆನ್ನ ಮೇಲೆ ಮಲಗಿಸಿದಾಗ ಭಾರದ ಕರುಳು ವಪೆಯನ್ನು ಒತ್ತುತ್ತದೆ. ಶ್ವಾಸಕೋಶದ ಕೆಳಬದಿ ಕುಸಿಯುತ್ತದೆ. ಅಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಮುಟ್ಟುವುದಿಲ್ಲ. ಶುದ್ಧ ಆಕ್ಸಿಜನ್ ಉಸಿರಾಡುವಾಗ ಅಪಧಮನಿಯ ರಕ್ತದಲ್ಲಿ ಅದರ ಒತ್ತಡ 500 ಮಿಲಿಮೀಟರ್ ಪಾದರಸ ದಾಟಬೇಕು. ಇಂಥ ಕುದುರೆಯಲ್ಲಿ ಅದು 100ಕ್ಕಿಂತಲೂ ಕೆಳಗಿಳಿಯಬಹುದು.

ಇದನ್ನು ಕಾಯಲು ಕುದುರೆಯ ನಾಲಗೆಗೆ ಪಲ್ಸ್ ಆಕ್ಸಿಮೀಟರಿನ ಕ್ಲಿಪ್ ಸಿಕ್ಕಿಸುತ್ತಾರೆ. ಜಪಾನಿನ ತಕುವೊ ಅವೊಯಾಗಿ 1974ರಲ್ಲಿ ಮುಂದಿಟ್ಟ ತತ್ವ ಇದರದು: ನಾಡಿಯೊಂದಿಗೆ ಏರಿಳಿಯುವ ಬೆಳಕಿನಿಂದ, ಹಿಮೋಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟು ಆಕ್ಸಿಜನ್ ಹೊತ್ತಿದೆ ಎಂದು ಲೆಕ್ಕ ಹಾಕುವುದು. ಆದರೆ ಒತ್ತಡ 500 ಇದ್ದರೂ 100 ಇದ್ದರೂ ಕ್ಲಿಪ್ ತೋರಿಸುವ ಅಂಕಿ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಪಶುವೈದ್ಯರು ಮುಖದ ಅಪಧಮನಿಯಿಂದ ರಕ್ತ ತೆಗೆದು ಅನಿಲಗಳನ್ನು ಅಳೆಯುತ್ತಾರೆ. ಆಕ್ಸಿಜನ್ನಿನ ಒತ್ತಡ 60ಕ್ಕಿಂತ ಇಳಿದರೆ ಅಪಾಯ. ಈ ಎಚ್ಚರ ಅತಿಯಾದದ್ದಲ್ಲ. 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಹೊಟ್ಟೆಶೂಲೆಯ ಪ್ರಕರಣಗಳನ್ನು ಬಿಟ್ಟರೂ, ಅರಿವಳಿಕೆ ಪಡೆದ ಕುದುರೆಗಳಲ್ಲಿ ನೂರಕ್ಕೆ ಸುಮಾರು ಒಂದು ನಾನಾ ಕಾರಣಗಳಿಂದ ಸತ್ತಿತ್ತು.

ಹೀಗೆ ನೋಡಿದರೆ ‘ಆಮ್ಲಜನಕ’ ಒಂದು ಹುಸಿಯಾದ ಊಹೆಯನ್ನು ಹೊತ್ತ ಹೆಸರು. ‘ಪ್ರಾಣವಾಯು’ ಅದಕ್ಕಿಂತ ಎಷ್ಟೋ ನಿಜ, ಆದರೆ ಅದರ ಎರಡು ಭಾಗಗಳನ್ನು ಬಿಡಿಸಿ ಓದಬೇಕು. ಸಿಲಿಂಡರಿನಿಂದ ಬರುವುದು ಬರೀ ವಾಯು. ನೆತ್ತರಿಗೆ ಇಳಿದು ಮೈಯೆಲ್ಲ ಮುಟ್ಟಿದಾಗಷ್ಟೇ ಅದು ಪ್ರಾಣ.