ರೈಲು ರಜೆ, ಜೀವವಿಮೆ ಮತ್ತು ಕನ್ನಡ ಓದುಗ: ಜಾಹೀರಾತು ಪುಟದ ನಾಲ್ಕು ದಶಕ

ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ನಿಯತಕಾಲಿಕಗಳ ಜಾಹೀರಾತು ಪುಟವನ್ನು ಆಶ್ರಯಿಸಿದ ಉದ್ಯಮಗಳಲ್ಲಿ ರೈಲ್ವೆ ಮತ್ತು ಜೀವವಿಮೆಗಳಿಗೆ ಒಂದು ವಿಶೇಷ ತೊಡಕಿತ್ತು. ಸಾಬೂನು, ತೈಲ, ಲೇಹ್ಯಗಳಂತೆ ಕೈಯಲ್ಲಿ ಹಿಡಿದು ನೋಡಬಹುದಾದ ಸರಕು ಅವುಗಳ ಬಳಿ ಇರಲಿಲ್ಲ. ಆದ್ದರಿಂದ ಚಿತ್ರವೇ ಸರಕಿನ ಸ್ಥಾನವನ್ನು ತುಂಬಬೇಕಾಯಿತು. ಅಮೆರಿಕದ ಪ್ರುಡೆನ್ಷಿಯಲ್ ವಿಮಾ ಕಂಪನಿಯು 1896ರಲ್ಲಿ ಜಿಬ್ರಾಲ್ಟರ್ ಬಂಡೆಯನ್ನು ತನ್ನ ಗುರುತಾಗಿ ಆರಿಸಿಕೊಂಡರೆ, ಇಂಗ್ಲೆಂಡಿನ ಗ್ರೇಟ್ ನಾರ್ದರ್ನ್ ರೈಲ್ವೆಗಾಗಿ ಜಾನ್ ಹಸ್ಸಾಲ್ 1908ರಲ್ಲಿ ಸ್ಕೆಗ್ನೆಸ್ ಕಡಲತೀರದಲ್ಲಿ ಕುಣಿಯುವ ಮೀನುಗಾರನನ್ನು ಚಿತ್ರಿಸಿದನು.

ಭಾರತದಲ್ಲಿ ಮೊದಲು ಬೆಳೆದದ್ದು ವಿಮೆಯ ಜಾಹೀರಾತು. ಬ್ರಿಟಿಷ್ ಕಂಪನಿಗಳು ಭಾರತೀಯರ ಜೀವಕ್ಕೆ ಹೆಚ್ಚಿನ ಪ್ರೀಮಿಯಂ, ಅಂದರೆ ವಿಮೆಯ ಕಂತು, ವಿಧಿಸುತ್ತಿದ್ದ ಕಾಲದಲ್ಲಿ ಸಮಾನ ದರವನ್ನು ಘೋಷಿಸಿ 1870ರಲ್ಲಿ ಬಾಂಬೆ ಮ್ಯೂಚುಯಲ್ ಹುಟ್ಟಿತು. 1874ರಲ್ಲಿ ಓರಿಯಂಟಲ್ ಬಂದಿತು. ಸ್ವದೇಶಿ ಚಳವಳಿಯ ಬಿಸಿಯಲ್ಲಿ 1906ರಲ್ಲಿ ಮದರಾಸಿನ ಯುನೈಟೆಡ್ ಇಂಡಿಯಾ, 1907ರಲ್ಲಿ ರವೀಂದ್ರನಾಥ ಠಾಕೂರರ ಜೋರಾಸಾಂಕೊ ಮನೆಯ ಕೋಣೆಯೊಂದರಲ್ಲಿ ಹಿಂದೂಸ್ಥಾನ್ ಕೋ-ಆಪರೇಟಿವ್, 1913ರಲ್ಲಿ ಸಾತಾರಾದ ವೆಸ್ಟರ್ನ್ ಇಂಡಿಯಾ ಸ್ಥಾಪನೆಯಾದ ಮೇಲೆ, ಹೆಂಡತಿ ಮಕ್ಕಳ ಭವಿಷ್ಯದ ಜೊತೆಗೆ ದೇಶದ ಹಣ ದೇಶದಲ್ಲೇ ಉಳಿಯಬೇಕೆಂಬ ವಾದವೂ ಜಾಹೀರಾತಿಗೆ ಸೇರಿತು. 1912ರ ಜೀವವಿಮಾ ಕಾಯಿದೆಯು ಕಂತಿನ ದರಪಟ್ಟಿಯನ್ನೂ ನಿಧಿಯ ಮೌಲ್ಯಮಾಪನವನ್ನೂ ವಿಮಾಗಣಿತಜ್ಞನು ದೃಢೀಕರಿಸಬೇಕೆಂದು ವಿಧಿಸಿತು. ಇದರಿಂದಾಗಿ ಚಲಾವಣೆಯಲ್ಲಿರುವ ಪಾಲಿಸಿಗಳ ಮೊತ್ತ, ಪಾಲಿಸಿದಾರರ ಹಕ್ಕು ತೀರಿಸಲು ಕೂಡಿಟ್ಟ ಜೀವನಿಧಿ, ಸಾವಿರ ರೂಪಾಯಿಗೆ ಇಂತಿಷ್ಟು ಎಂದು ಲಾಭದಿಂದ ಹಂಚುವ ಬೋನಸ್ಸು, ಇವೆಲ್ಲ ಅಲಂಕಾರದ ಮಾತಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುವ ಸಾಮಗ್ರಿಯಾದವು. 1938ರ ಹೊತ್ತಿಗೆ ದೇಶದಲ್ಲಿ 176 ಕಂಪನಿಗಳೂ 298 ಕೋಟಿ ರೂಪಾಯಿಗಳ ವಿಮಾ ವ್ಯವಹಾರವೂ ಇದ್ದವು. ಮೈಸೂರು ಸರ್ಕಾರವಾದರೋ 1891ರಲ್ಲೇ ತನ್ನ ನೌಕರರಿಗೆ ವಿಮಾ ಯೋಜನೆಯನ್ನು ತಂದಿತ್ತು. ಸಂಬಳದಿಂದಲೇ ಕಂತು ಮುರಿದುಕೊಳ್ಳುವ ವಿಮೆಗೆ ಜಾಹೀರಾತಿನ ಹಂಗು ಹೆಚ್ಚಾಗಿರಲಿಲ್ಲ.

ರೈಲ್ವೆಯ ಕಥೆ ಬೇರೆ. ಜಾತ್ರೆಗೂ ತೀರ್ಥಕ್ಕೂ ಜನ ಕರೆಯದೆಯೇ ಬರುತ್ತಿದ್ದುದರಿಂದ ಮೂರನೆಯ ದರ್ಜೆಯ ಪ್ರಯಾಣಿಕನನ್ನು ಓಲೈಸುವ ಅಗತ್ಯ ಕಂಪನಿಗಳಿಗೆ ಕಾಣಲಿಲ್ಲ. ದೇಶಭಾಷೆಗಳಲ್ಲಿ ಅವು ಕೊಟ್ಟದ್ದು ಹೆಚ್ಚಾಗಿ ವೇಳಾಪಟ್ಟಿ ಮತ್ತು ರಿಯಾಯಿತಿ ದರದ ಪ್ರಕಟಣೆ. ವಿಹಾರಕ್ಕೆ ಕರೆಯುವ ಬಣ್ಣದ ಭಿತ್ತಿಚಿತ್ರಗಳೂ, 1927ರಲ್ಲಿ ಆರಂಭವಾದ ‘ಇಂಡಿಯನ್ ಸ್ಟೇಟ್ ರೈಲ್ವೇಸ್ ಮ್ಯಾಗಜೀನ್’ ಎಂಬ ಪತ್ರಿಕೆಯೂ ಮಾತನಾಡಿದ್ದು ಇಂಗ್ಲಿಷಿನಲ್ಲಿ. ಮೈಸೂರು ಸಂಸ್ಥಾನ 1919ರಲ್ಲಿ ತನ್ನ ರೈಲುಮಾರ್ಗಗಳ ಆಡಳಿತವನ್ನು ವಹಿಸಿಕೊಂಡಾಗ, 1907ರಿಂದ ವಸ್ತುಪ್ರದರ್ಶನವನ್ನೂ ಒಳಗೊಂಡಿದ್ದ ದಸರೆ ಮತ್ತು ಜೋಗದ ಜಲಪಾತಗಳು ಪ್ರವಾಸಿಗೆ ತೋರಿಸಬಹುದಾದ ಸಿದ್ಧ ಆಕರ್ಷಣೆಗಳಾಗಿದ್ದವು. ಆದರೆ ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದ ರೈಲು ಜೋಗದ ಸಮೀಪದ ತಾಳಗುಪ್ಪವನ್ನು ಮುಟ್ಟಿದ್ದು ನಾಲ್ಕು ದಶಕಗಳ ಬಳಿಕ.

ಸೊರಬ ತಾಲ್ಲೂಕಿನ ಜಡೆಯಂಥ ಊರಿನಿಂದ ನೋಡಿದರೆ ಜಾಹೀರಾತಿಗೂ ಓದುಗನಿಗೂ ನಡುವಿನ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ಮೈಸೂರು ಸಂಸ್ಥಾನದ ಅಂಚಿನಲ್ಲಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹಾನಗಲ್ಲಿನ ಮಗ್ಗುಲಲ್ಲಿದ್ದ ಈ ಭಾಗಕ್ಕೆ ಬೆಂಗಳೂರಿನ ‘ಪ್ರಬುದ್ಧ ಕರ್ಣಾಟಕ’ವೂ ಧಾರವಾಡದ ‘ಜಯಕರ್ನಾಟಕ’ವೂ ಎಂಬ ನಿಯತಕಾಲಿಕಗಳು ಅಂಚೆಯಲ್ಲಿ ಬರಬಹುದಿತ್ತು, ಗಾಡಿ ಹತ್ತಲು ಮಾತ್ರ ಹಾವೇರಿಗೋ ಶಿವಮೊಗ್ಗಕ್ಕೋ ಹೋಗಬೇಕಿತ್ತು. ತಿಂಗಳ ಸಂಬಳ, ನಿಗದಿತ ರಜೆ, ಚಿಕ್ಕ ಸಂಸಾರ, ಈ ಮೂರನ್ನೂ ಉಳ್ಳ ಓದುಗನನ್ನು ಕಲ್ಪಿಸಿಕೊಂಡೇ ಎರಡೂ ಬಗೆಯ ಜಾಹೀರಾತುಗಳು ರಚನೆಯಾಗುತ್ತಿದ್ದವು. ಅಡಿಕೆ, ಭತ್ತಗಳ ಸುಗ್ಗಿಯನ್ನು ಅನುಸರಿಸಿ ಹಣ ಕಾಣುತ್ತಿದ್ದ, ಉಳಿದದ್ದನ್ನು ಹೊಲಕ್ಕೂ ಒಡವೆಗೂ ಹಾಕುತ್ತಿದ್ದ, ಅವಿಭಕ್ತ ಕುಟುಂಬವನ್ನೇ ಆಸರೆಯೆಂದು ನಂಬಿದ್ದ ಮಲೆನಾಡಿನ ಕೃಷಿಕ ಆ ಕಲ್ಪನೆಗೆ ಒಗ್ಗುವವನಲ್ಲ. ಶಾಲಾ ಮೇಷ್ಟರು, ಅಮಲ್ದಾರ ಕಚೇರಿಯ ಗುಮಾಸ್ತರು ಒಗ್ಗುವವರು. ಇನ್ನೊಂದು ವಿಪರ್ಯಾಸವೂ ಗಮನಾರ್ಹ. ಪ್ರವಾಸಿಗೆ ಹಸಿರು ಸೌಂದರ್ಯವಾಗಿದ್ದ ಕಾಡೇ ಜನವಸತಿಯನ್ನು ಕುಗ್ಗಿಸುತ್ತಿದ್ದ ಮಲೇರಿಯಾದ ನೆಲೆಯೂ ಆಗಿತ್ತು. ಜೀವವಿಮೆಯ ಆಸರೆ ಹೆಚ್ಚು ಬೇಕಿದ್ದ ಸೀಮೆ ಕಂಪನಿಗಳ ಲೆಕ್ಕದಲ್ಲಿ ಅಪಾಯದ ಸೀಮೆಯಾಗುವುದು ಸಹಜ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅನಿವಾರ್ಯವಲ್ಲದ ಪ್ರಯಾಣ ಬೇಡವೆಂದು ರೈಲ್ವೆಯೇ ಜಾಹೀರಾತು ಕೊಟ್ಟಿತು. 1956ರ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ ಸ್ಥಾಪನೆಯಾಗಿ 245 ಸಂಸ್ಥೆಗಳು ಅದರಲ್ಲಿ ವಿಲೀನಗೊಂಡಾಗ ಖಾಸಗಿ ಕಂಪನಿಗಳ ಪೈಪೋಟಿಯೂ ನಿಂತಿತು. ಸಂಚಿಕೆಗಳನ್ನು ಕಟ್ಟಿ ಸಂಪುಟ ಮಾಡುವಾಗ ರಕ್ಷಾಪುಟಗಳನ್ನೂ ಜಾಹೀರಾತು ಹಾಳೆಗಳನ್ನೂ ಕಿತ್ತೆಸೆಯುವ ರೂಢಿಯಿಂದಾಗಿ ಈ ಚರಿತ್ರೆಯ ಆಧಾರಗಳು ಗ್ರಂಥಾಲಯಗಳಲ್ಲೇ ನಷ್ಟವಾಗಿವೆ. ಮಲೆನಾಡಿನ ಮನೆಗಳ ಅಟ್ಟದಲ್ಲಿ ಹೊದಿಕೆ ಸಹಿತ ಉಳಿದಿರುವ ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕುವ ಮುನ್ನ ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ತೋರಿಸುವುದು ಒಳಿತು.