ಮೋನ್ಸ್‌ನ ಧರ್ಮಭಗಿನಿ ಮತ್ತು ಒಡೆದ ಅಸ್ಮಿತೆ

1584ರಲ್ಲಿ, ಇಂದಿನ ಬೆಲ್ಜಿಯಂನ ಮೋನ್ಸ್ ನಗರದ ಕನ್ಯಾಮಠದಲ್ಲಿ ಜಾನ್ ಫೆರಿ ಎಂಬ ತರುಣ ಧರ್ಮಭಗಿನಿಗೆ ಭೂತೋಚ್ಚಾಟನೆ ಆರಂಭವಾಯಿತು; ಮರುವರ್ಷದವರೆಗೂ ನಡೆಯಿತು. ಆಕೆಯ ಬಾಯಿಂದ ದೆವ್ವಗಳು ನುಡಿದವು. ಒಮ್ಮೆ ಆಕೆ ಎಳೆಯ ಮಗುವಿನಂತೆಯೇ ಆದಳು. ಬಾಲ್ಯದಿಂದ ತಂದೆಯೆಂದು ನಂಬಿದ್ದ ದೆವ್ವವನ್ನು ತೊರೆಯಲಾರದೆ ಗೋಳಾಡಿದಾಗ, ಉಚ್ಚಾಟಕ ಗುರುವೇ ತಂದೆಯ ಸ್ಥಾನದಲ್ಲಿ ನಿಂತರು. ಈ ವಿವರವನ್ನು ನಾವು ಅವಸರದಲ್ಲಿ ದಾಟಬಾರದು: ವಿಧಿಯಷ್ಟೇ ಅಲ್ಲ, ಸಂಬಂಧವೂ ಅಲ್ಲಿ ಕೆಲಸಮಾಡಿತು.

1586ರಲ್ಲಿ ಅಚ್ಚಾದ ಈ ವೃತ್ತಾಂತವನ್ನು 1886ರಲ್ಲಿ ಮರುಮುದ್ರಿಸಿದವನು ಪ್ಯಾರಿಸ್ಸಿನ ನರರೋಗವೈದ್ಯ ಬುರ್ನೆವಿಲ್. ಧರ್ಮಸಭೆಯ ಮಿತ್ರನಂತೂ ಅಲ್ಲದ ಆತ ಅದರಲ್ಲಿ ಇಬ್ಬಗೆಯಾದ ವ್ಯಕ್ತಿತ್ವವನ್ನು ಕಂಡನು. ಆದರೆ ಅವನಿಗೆ ಆ ರೋಗಿಯನ್ನು ಉಳಿಸಿಕೊಟ್ಟದ್ದು ಗುರುಗಳ ಲೇಖನಿಯೇ.

ಇಂದು ಇದನ್ನು ವಿಘಟಿತ ಅಸ್ಮಿತೆಯ ವ್ಯಾಧಿ ಎನ್ನುತ್ತಾರೆ. ಬಾಲ್ಯದ ಘೋರ ಆಘಾತವೇ ಮೂಲವೆಂದು ಅನೇಕ ವೈದ್ಯರ ಮತ. ಸೂಚನೆಯಿಂದ ಹುಟ್ಟುವುದೆಂಬ ವಾದವೂ ಉಂಟು. 2012ರ ಮೆದುಳು ಚಿತ್ರಣದ ಅಧ್ಯಯನವೊಂದರಲ್ಲಿ, ಆಘಾತದ ನೆನಪನ್ನು ಕೇಳುವಾಗ ರೋಗಿಗಳ ಅಸ್ಮಿತೆಗಳ ನಡುವೆ ಕಂಡ ರಕ್ತಸಂಚಾರದ ವ್ಯತ್ಯಾಸವು, ಹಾಗೆ ನಟಿಸಿದವರಲ್ಲಿ ಮೂಡಲಿಲ್ಲ.

ದೆವ್ವಪೀಡೆಯೆಂದು ಸುಲಭವಾಗಿ ನಂಬಬಾರದೆಂದು 1614ರ ರೋಮನ್ ವಿಧಿಗ್ರಂಥವೇ ಗುರುಗಳನ್ನು ಎಚ್ಚರಿಸಿತ್ತು. 1999ರ ಪರಿಷ್ಕೃತ ವಿಧಿಯು ಅಗತ್ಯವಿದ್ದಲ್ಲಿ ವೈದ್ಯ ಮತ್ತು ಮನೋವೈದ್ಯ ಪರಿಣತರನ್ನು ಕೇಳಬೇಕೆನ್ನುತ್ತದೆ.