ವಿಮಾನದ ಬತ್ತಳಿಕೆ: ಅಸ್ತ್ರವಾಹಕ ವಿನ್ಯಾಸದಲ್ಲಿ ಕರ್ನಾಟಕದ ಅನುಭವ

ಪೀಠಿಕೆ

ಯುದ್ಧತಂತ್ರಜ್ಞಾನದ ಚರಿತ್ರೆಯಲ್ಲಿ ಅಸ್ತ್ರಕ್ಕೆ ದೊರೆತಿರುವ ಗಮನ, ಆ ಅಸ್ತ್ರವನ್ನು ಹೊತ್ತು ತಂದು ತಕ್ಕ ಕ್ಷಣದಲ್ಲಿ ಬಿಡುಗಡೆ ಮಾಡುವ ಸಾಧನಕ್ಕೆ ದೊರೆತಿಲ್ಲ. ಬಾಣದ ವರ್ಣನೆಯುಂಟು, ಬತ್ತಳಿಕೆಯ ವರ್ಣನೆ ವಿರಳ. ಯುದ್ಧವಿಮಾನಗಳ ವಿಷಯದಲ್ಲಂತೂ ಈ ಕೊರತೆ ಎದ್ದು ಕಾಣುತ್ತದೆ. ವಿಮಾನದ ವೇಗ, ಎಂಜಿನ್ನಿನ ಶಕ್ತಿ, ಕ್ಷಿಪಣಿಯ ದೂರವ್ಯಾಪ್ತಿ ಇವುಗಳ ವಿವರ ಹೇರಳವಾಗಿ ಸಿಗುತ್ತದೆ. ಸಣ್ಣ ಅಸ್ತ್ರಗಳನ್ನು ಗುಂಪಾಗಿ ಹೊರುವ ಪೆಟ್ಟಿಗೆ, ಕೊಳವೆ ಹಾಗೂ ಚೌಕಟ್ಟುಗಳನ್ನು ಏಕೆ ಹಾಗೆ ರೂಪಿಸಲಾಯಿತು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಸೀಮೆಯಲ್ಲಿ ಈ ಪ್ರಶ್ನೆ ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ರೂಪಗಳಲ್ಲಿ ಎದುರಾಗಿದೆ. ಹದಿನೆಂಟನೆಯ ಶತಮಾನದ ಕಬ್ಬಿಣದ ರಾಕೆಟ್ಟುಗಳು, 1960ರ ದಶಕದ ಮಾರುತ್ ಯುದ್ಧವಿಮಾನ ಮತ್ತು 2010ರ ನಂತರದ ಸಣ್ಣ ನಿರ್ದೇಶಿತ ಅಸ್ತ್ರಗಳು ಈ ಚರಿತ್ರೆಯ ಮುಖ್ಯ ಘಟ್ಟಗಳು. ಗುರಿಯ ಅನಿಶ್ಚಿತತೆಯನ್ನು ಸಂಖ್ಯೆಯಿಂದ ತುಂಬಿಕೊಳ್ಳುತ್ತಿದ್ದ ವಾಹಕವು, ಪ್ರತಿಯೊಂದು ಅಸ್ತ್ರಕ್ಕೂ ಗುರಿಯನ್ನು ತಿಳಿಸಿ ಕಳುಹಿಸುವ ವಾಹಕವಾಗಿ ಮಾರ್ಪಟ್ಟ ಬಗೆಯನ್ನು ಪ್ರಸ್ತುತ ಪ್ರಬಂಧವು ಪರಿಶೀಲಿಸುತ್ತದೆ.

ಪೂರ್ವಪರಂಪರೆ: ಸಂಖ್ಯೆಯ ಬಲ

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರು ರಾಕೆಟ್ಟಿನ ವೈಶಿಷ್ಟ್ಯವೆಂದರೆ ಅದರ ಕಬ್ಬಿಣದ ಕೊಳವೆ. ಕಾಗದದ ಕೊಳವೆ ತಾಳಲಾರದಷ್ಟು ಒತ್ತಡವನ್ನು ಕಬ್ಬಿಣವು ತಾಳುತ್ತಿದ್ದುದರಿಂದ ಮದ್ದನ್ನು ಬಿಗಿಯಾಗಿ ತುಂಬಲು ಸಾಧ್ಯವಾಯಿತು. ಹಾರುವ ದೂರವೂ ಹೆಚ್ಚಿತು. ಕೊಳವೆಗೆ ಕಟ್ಟಿದ ಬಿದಿರಿನ ಗಳುವು ಹಾರಾಟಕ್ಕೆ ಒಂದಿಷ್ಟು ಸ್ಥಿರತೆ ನೀಡುತ್ತಿತ್ತು. ಆದರೆ ಒಂದೊಂದು ರಾಕೆಟ್ಟೂ ನಿಶ್ಚಿತ ಗುರಿಗೆ ತಾಗುವುದೆಂಬ ಭರವಸೆ ಇರಲಿಲ್ಲ. ಈ ದೋಷಕ್ಕೆ ಕಂಡುಕೊಂಡ ಪರಿಹಾರವೇ ಸಂಖ್ಯೆ. ಟಿಪ್ಪುವಿನ ಸೇನೆಯ ಕುಶೂನ್ ಎಂಬ ದಳಗಳಲ್ಲಿ ರಾಕೆಟ್ ಹಾರಿಸುವವರ ಪ್ರತ್ಯೇಕ ತುಕಡಿಗಳಿದ್ದವು. ಹಲವು ರಾಕೆಟ್ಟುಗಳನ್ನು ಒಟ್ಟಿಗೆ ಹಾರಿಸುವ ಗಾಲಿಬಂಡಿಗಳ ಉಲ್ಲೇಖಗಳೂ ದೊರೆಯುತ್ತವೆ.

1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಈ ರಾಕೆಟ್ಟುಗಳು ಇಂಗ್ಲೆಂಡಿನ ವೂಲಿಚ್ ಸೇರಿದುದೂ, ವಿಲಿಯಂ ಕಾಂಗ್ರೀವ್‌ನ ಪ್ರಯೋಗಗಳಿಗೆ ಪ್ರೇರಣೆಯಾದುದೂ ವಿದಿತವೇ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ದೊರೆತವು. ಅಸ್ತ್ರವನ್ನು ಬಿಡಿಯಾಗಿ ಅಲ್ಲ, ರಾಶಿಯಾಗಿ ಎಣಿಸುತ್ತಿದ್ದ ಯುದ್ಧಪದ್ಧತಿಗೆ ಈ ಶೋಧವು ಭೌತಿಕ ಸಾಕ್ಷ್ಯವಾಗಿದೆ.

ಮಾರುತ್: ಒಡಲೊಳಗಿನ ಪೆಟ್ಟಿಗೆ

1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದರ ಉದ್ಯಮಶೀಲತೆ ಹಾಗೂ ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಸ್ಥಾಪನೆಗೊಂಡಿತು. ಇದುವೇ 1964ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್, ಅಂದರೆ ಎಚ್.ಎ.ಎಲ್. ಆಯಿತು. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನವು 1951ರಲ್ಲಿ ಹಾರಿತು. 1956ರಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದ ಮೇಲೆ ಎಚ್.ಎಫ್.-24 ಮಾರುತ್ ಯುದ್ಧವಿಮಾನದ ಕಾರ್ಯ ಆರಂಭವಾಯಿತು. ಮೊದಲು ಎಂಜಿನ್ ಇಲ್ಲದ, ಪೂರ್ಣಗಾತ್ರದ ಮರದ ಗ್ಲೈಡರ್ ಒಂದನ್ನು ಹಾರಿಸಿ ಪರೀಕ್ಷಿಸಲಾಯಿತು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಮಾರುತ್ ವಿಮಾನವನ್ನು ಪ್ರಥಮ ಬಾರಿಗೆ ಹಾರಿಸಿದರು. 1967ರಲ್ಲಿ ಅದು ವಾಯುಪಡೆಯ 10ನೆಯ ಸ್ಕ್ವಾಡ್ರನ್ ಸೇರಿತು.

ಮಾರುತ್‌ನ ಶಸ್ತ್ರಸಜ್ಜಿಕೆಯಲ್ಲಿ 30 ಮಿ.ಮೀ.ನ ನಾಲ್ಕು ಏಡನ್ ಫಿರಂಗಿಗಳು ಹಾಗೂ ರೆಕ್ಕೆಗಳಡಿಯಲ್ಲಿ ಬಾಂಬು ಮೊದಲಾದವನ್ನು ತೂಗುಹಾಕುವ ನಾಲ್ಕು ಪೈಲಾನ್‌ಗಳು ಇದ್ದವು. ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಮೂರನೆಯ ಅಂಗ. ಮೂತಿಗಾಲಿಯ ಹಿಂಭಾಗದಲ್ಲಿ, ವಿಮಾನದ ಒಡಲೊಳಗೆ, ಫ್ರಾನ್ಸಿನ ಮಾತ್ರಾ ಸಂಸ್ಥೆಯ ರಾಕೆಟ್ ಪೆಟ್ಟಿಗೆಯೊಂದಕ್ಕೆ ಜಾಗ ಮಾಡಲಾಗಿತ್ತು. ಅದರಲ್ಲಿ 68 ಮಿ.ಮೀ. ವ್ಯಾಸದ 50 ಸ್ನೆಬ್ ರಾಕೆಟ್ಟುಗಳು ಹಿಡಿಸುತ್ತಿದ್ದವು. ದಾಳಿಯ ವೇಳೆ ಪೆಟ್ಟಿಗೆಯು ಒಡಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ರಾಕೆಟ್ಟುಗಳು ಹಾರಿದ ಮೇಲೆ ಮತ್ತೆ ಒಳಸೇರುತ್ತಿತ್ತು.

ಈ ವ್ಯವಸ್ಥೆಗೆ ಅಂದಿನ ಜಾಗತಿಕ ಚಿಂತನೆಯ ಹಿನ್ನೆಲೆಯಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜರ್ಮನಿಯು ಆರ್.4.ಎಂ. ಎಂಬ, ಮಡಚುವ ರೆಕ್ಕೆಬಾಲದ ಸಣ್ಣ ರಾಕೆಟ್ಟನ್ನು ಬಳಕೆಗೆ ತಂದಿತು. ಬಾಲದ ರೆಕ್ಕೆಗಳು ಮಡಚಿಕೊಂಡರೆ ರಾಕೆಟ್ಟುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ಹೊರಬಿದ್ದೊಡನೆ ಅವು ಅರಳಿ ಹಾರಾಟವನ್ನು ಸ್ಥಿರಗೊಳಿಸುತ್ತವೆ. ಅಮೆರಿಕದ ಎಫ್-86ಡಿ ಸೇಬರ್ ವಿಮಾನದ ಹೊಟ್ಟೆಯಲ್ಲಿಯೂ 24 ರಾಕೆಟ್ಟುಗಳ, ಕೆಳಗಿಳಿಯುವ ತಟ್ಟೆಯಿತ್ತು. ಅಸ್ತ್ರವನ್ನು ಒಡಲೊಳಗೆ ಬಚ್ಚಿಟ್ಟರೆ ಗಾಳಿಯ ಪ್ರತಿರೋಧ ಕಡಿಮೆಯಾಗುತ್ತದೆ. ಶಬ್ದವೇಗದ ಗಡಿಯನ್ನು ಮುಟ್ಟಬೇಕೆಂದು ಉದ್ದೇಶಿಸಿದ್ದ, ಆದರೆ ನಿರೀಕ್ಷಿಸಿದ ಎಂಜಿನ್ ದೊರೆಯದೆ ಆರ್ಫಿಯಸ್ 703 ಎಂಜಿನ್‌ಗಳಿಗೆ ತೃಪ್ತಿಪಡಬೇಕಾದ ಮಾರುತ್‌ಗೆ ಈ ಉಳಿತಾಯ ಅಲ್ಪವಾದುದಲ್ಲ.

ಆದರೆ ಒಡಲೊಳಗಿನ ಬತ್ತಳಿಕೆಗೆ ಅದರದೇ ಆದ ಬೆಲೆಯಿತ್ತು. ಅದು ಆಕ್ರಮಿಸಿದ ಜಾಗವು ಇಂಧನಕ್ಕಾಗಲಿ ಉಪಕರಣಗಳಿಗಾಗಲಿ ದೊರೆಯುತ್ತಿರಲಿಲ್ಲ. ರೆಕ್ಕೆಯಡಿಯ ಪಾಡ್ ಒಂದನ್ನು ಕಳಚಿ ಬೇರೊಂದನ್ನು ತೂಗುಹಾಕುವುದು ನೆಲಸಿಬ್ಬಂದಿಯ ಕೆಲಸ. ಒಡಲೊಳಗಿನ ಪೆಟ್ಟಿಗೆಯಾದರೋ ವಿಮಾನದ ರಚನೆಯ ಭಾಗವೇ ಆಗಿತ್ತು. ಈ ಭೇದವು ಸ್ಪಷ್ಟವಾದುದು ಎರಡು ಆಸನಗಳ ತರಬೇತಿ ಮಾದರಿಯನ್ನು ರೂಪಿಸುವಾಗ. 1970ರಲ್ಲಿ ಹಾರಿದ ಮಾರುತ್ ಮಾರ್ಕ್ 1ಟಿ ಮಾದರಿಯಲ್ಲಿ ಎರಡನೆಯ ಆಸನಕ್ಕೆ ಎಡೆ ಮಾಡಿಕೊಡಲು ರಾಕೆಟ್ ಪೆಟ್ಟಿಗೆಯನ್ನೇ ತೆಗೆದುಹಾಕಲಾಯಿತು. ವಿಮಾನವನ್ನು ದೇಶದಲ್ಲಿಯೇ ವಿನ್ಯಾಸ ಮಾಡಿದರೂ ಅದರ ಬತ್ತಳಿಕೆ ವಿದೇಶದ್ದು, ಬಾಣಗಳು ನಿರ್ದೇಶನವಿಲ್ಲದವು, 50 ರಾಕೆಟ್ಟುಗಳ ಸಾರ್ಥಕ್ಯವಿದ್ದುದು ಅವು ಗುರಿಯ ಸುತ್ತ ಹರಡಿ ಬೀಳುವುದರಲ್ಲಿ. ಈ ಅರ್ಥದಲ್ಲಿ ಮಾರುತ್, ಜೆಟ್ ಯುಗಕ್ಕೆ ಸೇರಿದುದಾದರೂ ಸಂಖ್ಯೆಯ ಬಲವನ್ನೇ ನೆಚ್ಚಿದ ಪರಂಪರೆಯ ಮುಂದುವರಿಕೆಯಾಗಿತ್ತು. ಒಟ್ಟು 147 ಮಾರುತ್‌ಗಳು ನಿರ್ಮಾಣಗೊಂಡವು. 1990ರಲ್ಲಿ ಅವು ಸೇವೆಯಿಂದ ನಿವೃತ್ತವಾದವು.

ಹರಡುವ ಪೆಟ್ಟಿಗೆಯಿಂದ ಹುಡುಕುವ ಅಸ್ತ್ರದೆಡೆಗೆ

ಸಂಖ್ಯೆಯ ಪದ್ಧತಿಯು ತನ್ನ ಪರಾಕಾಷ್ಠೆಯನ್ನು ಮುಟ್ಟಿದುದು ಯುರೋಪಿನಲ್ಲಿ. ಬ್ರಿಟನ್ನಿನ ಜೆ.ಪಿ.233 ಎಂಬ ಪೆಟ್ಟಿಗೆಯು ರನ್‌ವೇ ಒಡೆಯುವ 30 ಸ್ಫೋಟಕಗಳನ್ನೂ 215 ನೆಲಬಾಂಬುಗಳನ್ನೂ ಚೆಲ್ಲುತ್ತಿತ್ತು. 1991ರ ಕೊಲ್ಲಿ ಯುದ್ಧದಲ್ಲಿ ಟಾರ್ನೆಡೊ ವಿಮಾನಗಳು ಇದನ್ನು ಬಳಸಿದಾಗ ಶತ್ರುವಿನ ರನ್‌ವೇಯ ಮೇಲೆಯೇ ಅತಿ ಕೆಳಮಟ್ಟದಲ್ಲಿ ಹಾರಬೇಕಾಯಿತು. ನೆಲಬಾಂಬುಗಳನ್ನು ನಿಷೇಧಿಸಿದ 1997ರ ಒಟ್ಟಾವಾ ಒಪ್ಪಂದದ ನಂತರ ಬ್ರಿಟನ್ ಈ ಪೆಟ್ಟಿಗೆಯನ್ನು ಕೈಬಿಟ್ಟಿತು. 2008ರ ಗೊಂಚಲು ಬಾಂಬು ನಿಷೇಧ ಒಪ್ಪಂದವು 2010ರ ಆಗಸ್ಟ್‌ನಿಂದ ಜಾರಿಗೆ ಬಂದಿತು. ಭಾರತವು ಇದಕ್ಕೆ ಸಹಿ ಹಾಕಿಲ್ಲ. ಸಿಡಿಯದೆ ಉಳಿದ ತುಣುಕುಗಳು ಯುದ್ಧ ಮುಗಿದ ಎಷ್ಟೋ ಕಾಲದ ಮೇಲೆ ಹೊಲಗಳಲ್ಲಿ ರೈತರನ್ನೂ ಮಕ್ಕಳನ್ನೂ ಬಲಿ ತೆಗೆದುಕೊಂಡುದೇ ಈ ಒಪ್ಪಂದದ ಮೂಲಕಾರಣ.

ಇದೇ ಕಾಲದಲ್ಲಿ ಭಾರತವು ಅಮೆರಿಕದಿಂದ ಸಿ.ಬಿ.ಯು.-105 ಎಂಬ 512 ಅಸ್ತ್ರಗಳನ್ನು ಖರೀದಿಸಲು 2010ರಲ್ಲಿ ಒಪ್ಪಂದವಾಯಿತು. ಬೆಂಗಳೂರಿನಲ್ಲಿ ಪರವಾನಗಿಯ ಮೇರೆಗೆ ನಿರ್ಮಾಣಗೊಂಡ ಜಾಗ್ವಾರ್ ವಿಮಾನಗಳಿಗಾಗಿ ಇವು ಬಂದವು. ಒಂದು ಪೆಟ್ಟಿಗೆಯೊಳಗೆ 10 ಉಪಅಸ್ತ್ರಗಳು, ಪ್ರತಿಯೊಂದರಲ್ಲಿ 4 ಸಿಡಿತಲೆಗಳು, ಹೀಗೆ ಒಟ್ಟು 40. ಇವು ಸುಮ್ಮನೆ ಚೆಲ್ಲುವಂಥವಲ್ಲ. ಪ್ರತಿಯೊಂದು ಸಿಡಿತಲೆಯೂ ವಾಹನದ ಶಾಖವನ್ನು ಅರಸಿ, ಗುರಿ ಸಿಗದಿದ್ದರೆ ತನ್ನನ್ನು ತಾನೇ ನಾಶಪಡಿಸಿಕೊಳ್ಳುವಂತೆ ರೂಪಿಸಲ್ಪಟ್ಟಿತ್ತು. ಆದರೂ ಯೆಮೆನ್ ಯುದ್ಧದಲ್ಲಿ ಸಿಡಿಯದೆ ಉಳಿದ ತುಣುಕುಗಳು ಪತ್ತೆಯಾದವು. ಟೀಕೆ ತೀವ್ರವಾಗಿ, 2016ರಲ್ಲಿ ಟೆಕ್ಸ್‌ಟ್ರಾನ್ ಸಂಸ್ಥೆಯು ಇದರ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಪೆಟ್ಟಿಗೆಯ ಒಳಗೆ ಬುದ್ಧಿಯನ್ನು ಇಟ್ಟ ಮಾತ್ರಕ್ಕೆ ಸಂಖ್ಯೆಯ ದೋಷ ನೀಗುವುದಿಲ್ಲವೆಂಬುದನ್ನು ಈ ಪ್ರಕರಣ ತೋರಿಸುತ್ತದೆ.

ನಿರ್ದೇಶಿತ ಅಸ್ತ್ರ ಮತ್ತು ವಾಹಕದ ಹೊಸ ಹೊಣೆ

ರನ್‌ವೇ ನಾಶದ ಸಮಸ್ಯೆಗೆ ಭಾರತದ ಉತ್ತರವು ಇನ್ನೊಂದು ದಾರಿ ಹಿಡಿಯಿತು. ಹೈದರಾಬಾದಿನ ಇಮಾರತ್ ಸಂಶೋಧನಾ ಕೇಂದ್ರವು ಅಭಿವೃದ್ಧಿಪಡಿಸಿದ, 125 ಕಿಲೋ ವರ್ಗದ ‘ಸಾ’ ಎಂಬ ಅಸ್ತ್ರವು ಸುಮಾರು 100 ಕಿ.ಮೀ. ದೂರದಿಂದಲೇ ವಾಯುನೆಲೆಯ ಗುರಿಯನ್ನು ತಾಗಬಲ್ಲುದು. ಜೆ.ಪಿ.233ರ ಕಾಲದಂತೆ ವಿಮಾನವು ಗುರಿಯ ಮೇಲೆ ಹಾರಬೇಕಾಗಿಲ್ಲ. 2021ರ ಜನವರಿ 21ರಂದು ಎಚ್.ಎ.ಎಲ್. ತನ್ನ ಹಾಕ್-ಐ ವಿಮಾನದಿಂದ ಒಡಿಶಾ ಕರಾವಳಿಯಲ್ಲಿ ಇದನ್ನು ಪರೀಕ್ಷಿಸಿತು. ತರಬೇತಿ ವಿಮಾನವೊಂದು ಇಂಥ ಅಸ್ತ್ರವನ್ನು ಹೊರಬಲ್ಲುದಾದುದಕ್ಕೆ ಅಸ್ತ್ರದ ಕಿರಿದಾದ ಗಾತ್ರವೇ ಕಾರಣ.

ನಿರ್ದೇಶಿತ ಅಸ್ತ್ರ ಬಂದೊಡನೆ ವಾಹಕದ ಸ್ವರೂಪವೇ ಬದಲಾಯಿತು. ಸ್ನೆಬ್ ರಾಕೆಟ್ಟಿನ ಪೆಟ್ಟಿಗೆಯು ಕಿಡಿ ಹೊತ್ತಿಸುವ ವಿದ್ಯುತ್ತನ್ನೂ ಒಂದರ ಹಿಂದೊಂದು ಹಾರುವ ಕಾಲಾಂತರವನ್ನೂ ಒದಗಿಸಿದರೆ ಸಾಕಿತ್ತು. ಈಗ ವಾಹಕವು ವಿಮಾನ ಮತ್ತು ಅಸ್ತ್ರಗಳ ನಡುವಣ ಸಂವಾದದ ಮಾರ್ಗವಾಗಬೇಕು. ಹಾರುವ ಮುನ್ನ ಅಸ್ತ್ರದ ಒಳಗಿನ ದಿಕ್ಸೂಚಕ ವ್ಯವಸ್ಥೆಗೆ ತಾನೆಲ್ಲಿದ್ದೇನೆ, ಯಾವ ವೇಗದಲ್ಲಿ, ಯಾವ ಭಂಗಿಯಲ್ಲಿದ್ದೇನೆ ಎಂಬುದನ್ನು ವಿಮಾನವು ತಿಳಿಸಬೇಕು. ವಾಹಕದ ಚೌಕಟ್ಟು ಬಾಗಿದರೆ ಅಥವಾ ಅದುರಿದರೆ ಆ ತಿಳಿವಳಿಕೆಯಲ್ಲಿಯೇ ದೋಷ ಸೇರಿಕೊಳ್ಳುತ್ತದೆ. ಒಂದೇ ಚೌಕಟ್ಟಿನಲ್ಲಿ ಹಲವು ಅಸ್ತ್ರಗಳಿದ್ದಾಗ ಒಂದನ್ನು ಬಿಟ್ಟೊಡನೆ ತೂಕದ ಸಮತೋಲ ಬದಲಾಗುತ್ತದೆ. ಹೊರಬಿದ್ದ ಅಸ್ತ್ರವು ವಿಮಾನದ ಸುತ್ತಲಿನ ಗಾಳಿಯ ಸುಳಿಗೆ ಸಿಕ್ಕಿ ಮರಳಿ ರೆಕ್ಕೆಗೆ ಬಡಿಯುವ ಅಪಾಯವೂ ಉಂಟು. ಆದ್ದರಿಂದ ಅದನ್ನು ಬಲವಾಗಿ ಕೆಳಕ್ಕೆ ತಳ್ಳಬೇಕು. ವಿಮಾನದಿಂದ ದೂರವಾದ ಮೇಲಷ್ಟೇ ಅದರ ರೆಕ್ಕೆಗಳು ಬಿಚ್ಚಿಕೊಳ್ಳಬೇಕು. ಇಂಥ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಗಾಳಿಸುರಂಗದ ಪರೀಕ್ಷೆಗಳಲ್ಲಿ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ 1.2 ಮೀಟರ್ ಗಾಳಿಸುರಂಗವು 1960ರ ದಶಕದಿಂದಲೂ ದೇಶದ ವಿಮಾನ ಮತ್ತು ಕ್ಷಿಪಣಿ ಯೋಜನೆಗಳ ಆಧಾರವಾಗಿರುವುದು ಇಲ್ಲಿ ಸ್ಮರಣೀಯ.

2021ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಎಚ್.ಎ.ಎಲ್. ಮುಂದಿಟ್ಟ ಆಲ್ಫಾ ಪರಿಕಲ್ಪನೆಯು ಈ ದಾರಿಯ ಮುಂದಿನ ಹೆಜ್ಜೆ. ಬೆಂಗಳೂರಿನ ನ್ಯೂಸ್ಪೇಸ್ ಸಂಸ್ಥೆಯ ಸಹಯೋಗದ ಈ ಯೋಜನೆಯಲ್ಲಿ, ರೆಕ್ಕೆ ಮಡಚಿದ ಹಲವು ಸಣ್ಣ ಡ್ರೋನ್‌ಗಳನ್ನು ತುಂಬಿದ ಪಾಡ್ ತಾಯಿವಿಮಾನದಿಂದ ಕಳಚಿ, ತಾನೇ ತೇಲಿ ಸಾಗಿ, ಅನಂತರ ಡ್ರೋನ್‌ಗಳನ್ನು ಬಿಡುವ ಕಲ್ಪನೆಯಿದೆ. ಇಲ್ಲಿ ಬತ್ತಳಿಕೆಯೇ ಹಾರುವ ಯಂತ್ರವಾಗಿದೆ.

ಉಪಸಂಹಾರ

ಮೇಲಿನ ಅವಲೋಕನದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವಾಹಕದ ವಿನ್ಯಾಸವು ವಿಮಾನದ ವಿನ್ಯಾಸಕ್ಕೆ ಕೊನೆಯಲ್ಲಿ ಸೇರಿಸುವ ಅನುಬಂಧವಲ್ಲ. ಎರಡನೆಯ ಆಸನಕ್ಕಾಗಿ ತನ್ನ ಪೆಟ್ಟಿಗೆಯನ್ನು ಕಳೆದುಕೊಂಡ ಮಾರುತ್ ಇದಕ್ಕೆ ನಿದರ್ಶನ. ಎರಡನೆಯದಾಗಿ, ಸಂಖ್ಯೆಯಿಂದ ನಿಖರತೆಯೆಡೆಗಿನ ಪಯಣವು ಕೇವಲ ತಾಂತ್ರಿಕವಾದುದಲ್ಲ. ಚೆಲ್ಲುವ ಅಸ್ತ್ರವು ಗುರಿಯ ಹೊಣೆಯನ್ನು ಆಕಸ್ಮಿಕಕ್ಕೆ ಬಿಡುತ್ತಿತ್ತು. ನಿರ್ದೇಶಿತ ಅಸ್ತ್ರವು ಆ ಹೊಣೆಯನ್ನು ಗುರಿಯನ್ನು ಆರಿಸುವ ಮನುಷ್ಯನ ಮೇಲೆ ಹೊರಿಸುತ್ತದೆ. ಡ್ರೋನ್ ಗುಂಪುಗಳ ಮೂಲಕ ಸಂಖ್ಯೆಯು ಮತ್ತೆ ಮರಳುತ್ತಿರುವ ಈ ಕಾಲದಲ್ಲಿ ಈ ಹೊಣೆಯ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಲಿದೆ.

ಮೈಸೂರು ರಾಕೆಟ್ಟುಗಳ ಚರಿತ್ರೆಯನ್ನು ವಿಜ್ಞಾನಿಯ ದೃಷ್ಟಿಯಿಂದ ಶೋಧಿಸಿದವರು ಬೆಂಗಳೂರಿನ ವೈಮಾಂತರಿಕ್ಷ ವಿಜ್ಞಾನಿ ರೊದ್ದಂ ನರಸಿಂಹ. ಮಾರುತ್ ಕಾಲದ ನಕ್ಷೆ, ಪರೀಕ್ಷಾ ವರದಿ ಹಾಗೂ ಕಾರ್ಖಾನೆಯ ನಕ್ಷೆಗಾರರ, ಕುಶಲಕರ್ಮಿಗಳ ನೆನಪುಗಳಿಗೂ ಅಂಥದೇ ಶೋಧನೆ ಅಗತ್ಯವಾಗಿದೆ. ನಗರದ ಬಾವಿಯಲ್ಲಿ ಕಬ್ಬಿಣದ ಕೊಳವೆಗಳು ಎರಡು ಶತಮಾನ ಉಳಿದವು; ಕಾಗದ ಮತ್ತು ನೆನಪು ಅಷ್ಟು ಕಾಲ ಬಾಳುವುದಿಲ್ಲ.